ಏದುವಿನ ಹಾಲನ್ನ

ನನ್ನ ಅತ್ತೆಯ ಬಾಯಲ್ಲಿ ಬಾರದ ಪ್ರಾಣಿ ಒಂದೇ: ಹಂದಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಆ ಹೆಸರು ಎತ್ತಬಾರದು ಎಂದು ಅವರ ಹಟ. ನನ್ನನ್ನು ಕತ್ತಿ, ಕ್ವಾಣ, ಗೂಗಿ ಎಂದು ಕರೆಯುವಾಗ ಮಾತ್ರ ಲಿಂಗಕ್ಕೆ ಏನೂ ಅಡ್ಡಿ ಬರುತ್ತಿರಲಿಲ್ಲ. ಅವರ ಈ ಒಂದು ಹಟದಿಂದಾಗಿ ನಾನು ಒಂದು ವರ್ಷ ಪೂರ್ತಿ ಹಿತ್ತಲಿನಲ್ಲಿ ಕೋಲು ಹಿಡಿದು ಕೂರಬೇಕಾಯಿತು.

ಆಗ ಯುದ್ಧದ ಕಾಲ. ಅಕ್ಕಿಗೂ ಕಾರ್ಡು, ಸಕ್ಕರೆಗೂ ಕಾರ್ಡು, ಸೀಮೆಎಣ್ಣೆಗೂ ಕಾರ್ಡು. ನಮ್ಮ ಮನೆ ಬಳ್ಳಾರಿಯ ಕೌಲ್‌ಬಜಾರಿನ ಹಿಂದಿನ ಓಣಿಯಲ್ಲಿತ್ತು. ನಾನು ಸಿರುಗುಪ್ಪದಿಂದ ಮದುವೆಯಾಗಿ ಬಂದು ನಾಲ್ಕು ವರ್ಷ ತುಂಬಿತ್ತು. ಮನೆಯಲ್ಲಿ ಮೂರೇ ಜನ: ಗಂಡನನ್ನು ಕಳೆದುಕೊಂಡ ಅತ್ತೆ, ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು, ನಾನು. ನಾಲ್ಕನೆಯವರು ಬರಲಿ ಎಂದು ಓಣಿಯೆಲ್ಲ ಕಾಯುತ್ತಿತ್ತು. ಬಂದಿರಲಿಲ್ಲ. ಮುಂದೆಯೂ ಬರಲಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಯಲ್ಲಿ ತೊಟ್ಟಿಲು ಕಟ್ಟಿ ತೋರಿಸುತ್ತೇನೆ ಎಂದು ಯಾರೂ ಕಾಯುವುದು ಬೇಡ.

ಅತ್ತೆಯ ತಮ್ಮ ಕುರುಗೋಡಿನಲ್ಲಿದ್ದರು. ಹೊಲ, ಎತ್ತು, ದೊಡ್ಡ ಧ್ವನಿ, ಮದುವೆಗೆ ಬಂದ ಒಬ್ಬಳು ಮಗಳು. ಆ ಮಗಳನ್ನು ಅಕ್ಕನ ಮಗನಿಗೇ ಕೊಡಬೇಕು ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಅಂದುಕೊಂಡಿದ್ದರಂತೆ. ಅವಳು ದೊಡ್ಡವಳಾಗುವುದರೊಳಗೆ ನಡುವೆ ನಾನು ಬಂದು ಕೂತಿದ್ದೆ. ಆ ವರ್ಷ ಆಷಾಢದಲ್ಲಿ ಅವರು ಗಾಡಿ ಕಟ್ಟಿಕೊಂಡು ಬಂದು, ನಡುಮನೆಯಲ್ಲಿ ಕೂತು, ಅಡುಗೆಮನೆಗೆ ಕೇಳಲಿ ಎಂದೇ ಗಟ್ಟಿಯಾಗಿ ಮಾತು ತೆಗೆದರು.

"ಅಕ್ಕಾ, ನಾಕು ವರ್ಷ ಆತು. ಇನ್ನೆಷ್ಟು ದಿನ ಕಾಯ್ತಿ? ನನ್ನ ಮಗಳನ್ನ ತಂದುಕೋ. ಈಕಿನೂ ಇರಲಿ, ನಾವೇನು ಓಡಸ್ರಿ ಅಂತೀವೇನು? ಇಬ್ಬರೂ ಅಕ್ಕ ತಂಗಿ ಇದ್ದಂಗ ಇರ್ತಾರ."

ನನಗೆ ಸಿರುಗುಪ್ಪದಲ್ಲಿ ಮೂರು ಜನ ಸ್ವಂತ ತಂಗಿಯರಿದ್ದರು. ಇನ್ನೊಬ್ಬಳು ಬೇಕಿರಲಿಲ್ಲ. ಕೈಯಲ್ಲಿದ್ದ ಹಿತ್ತಾಳೆ ಕೊಡಪಾನವನ್ನು ಬೇಕೆಂದೇ ಕಲ್ಲಿನ ಮೇಲೆ ಕುಕ್ಕಿದೆ. ಸಿಟ್ಟು ಹೊರಗೆ, ಒಳಗೆ ಭಯ. ಸವತಿ ಬಂದು ಅವಳಿಗೊಂದು ಮಗುವಾದರೆ ಈ ಮನೆಯಲ್ಲಿ ನಾನು ಏನಾಗಿ ಉಳಿಯುತ್ತೇನೆ ಎಂಬುದು ಗೊತ್ತಿತ್ತು. ಅಂಥ ಇಬ್ಬರು ಹೆಂಗಸರನ್ನು ನಮ್ಮ ಓಣಿಯಲ್ಲೇ ನೋಡಿದ್ದೆ. ಬೆಳಿಗ್ಗೆ ಎದ್ದು ಎಲ್ಲರಿಗಿಂತ ಮೊದಲು ಅಂಗಳ ಗುಡಿಸುತ್ತಿದ್ದವರು ಅವರೇ.

ಅತ್ತೆ, "ಒಂದು ವರ್ಷ ತಡಿ. ಮುಂದಿನ ವರ್ಷ ಶ್ರಾವಣಕ್ಕ ಬಾ" ಎಂದರು. ನಮ್ಮ ಯಜಮಾನರು ಆವಾಗ ಎಲ್ಲಿದ್ದರು ಎಂದರೆ, ಅಲ್ಲೇ, ಪೇಪರಿನ ಹಿಂದೆ. ಆ ದಿನ ಅದನ್ನು ತಲೆಕೆಳಗಾಗಿ ಹಿಡಿದಿದ್ದರು. ಅವರಿಗೆ ಎರಡನೇ ಮದುವೆ ಮಾಡಲು ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ತಯಾರಿದ್ದರು, ಆದರೆ ಬೇಡ ಎನ್ನುವ ಧೈರ್ಯ ಮಾತ್ರ ಆ ಪುಣ್ಯಾತ್ಮರಿಗೆ ಇರಲಿಲ್ಲ.

ಅದೇ ವಾರ ಹಿತ್ತಲಲ್ಲಿ ಹತ್ತಿಕಟ್ಟಿಗೆಯ ಒಟ್ಟಿಲನ್ನು ಎಳೆಯುತ್ತಿದ್ದಾಗ ಒಂದು ಮುಳ್ಳಿನ ಉಂಡೆ ಉರುಳಿ ನನ್ನ ಕಾಲ ಬಳಿ ನಿಂತಿತು. ತೆಂಗಿನಕಾಯಿಗಿಂತ ಸಣ್ಣದು. ನೋಡುತ್ತ ನಿಂತೆ. ಬಿಚ್ಚಿಕೊಂಡಿತು, ಚೂಪು ಮೂತಿ ಹೊರಬಂತು, ನನ್ನನ್ನು ನೋಡಿ ಫುಸ್ ಎಂದು ಮತ್ತೆ ಮುಚ್ಚಿಕೊಂಡಿತು.

"ಅತ್ತೀ, ಮುಳ್ಳಹಂದಿ ಮರಿ ಐತ್ರಿ!" ಎಂದು ಕೂಗಿದೆ.

ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದರು. "ಥೂ ನಿನ್ನ! ಬಾಯಿ ತೊಳಕೊಂಡು ಬಾ ಹೋಗು. ಏದು ಅನ್ನು, ಏದು."

ತೆಲುಗಿನಲ್ಲಿ ಮುಳ್ಳಹಂದಿಗೆ ಏದು ಎನ್ನುತ್ತಾರೆ. ಬಳ್ಳಾರಿಯಲ್ಲಿ ತೆಲುಗು ಬಾರದವರು ಯಾರು? ಆದರೆ ಅತ್ತೆಗೆ ಬರುತ್ತಿದ್ದದ್ದು ಸಂತೆಯ ತೆಲುಗು, ಬದನೆಕಾಯಿ ಚೌಕಾಸಿ ಮಾಡುವಷ್ಟು. ನನ್ನ ತಾಯಿ ಆದೋನಿ ಕಡೆಯವಳಾದ್ದರಿಂದ ನನಗೆ ಅದು ಮನೆಯ ಮಾತು. ಏನೇ ಇರಲಿ, ಅಂದಿನಿಂದ ನಮ್ಮ ಮನೆಯಲ್ಲಿ ಬೆಳಗಾದರೆ ಏದು, ಸಂಜೆಯಾದರೆ ಏದು. ಇದರ ತಾಯಿ ಮರಿಯನ್ನು ಹುಡುಕಿಕೊಂಡು ಬಂದರೆ ದೂರದಿಂದಲೇ ಮುಳ್ಳು ಎಸೆಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ನಮ್ಮ ಯಜಮಾನರು ಒಂದು ವಾರ ಹಿತ್ತಲಿಗೆ ಹೋಗುವಾಗ ಮೊರ ಅಡ್ಡ ಹಿಡಿದುಕೊಂಡೇ ಹೋದರು. ಅದು ಮರಿಯಲ್ಲ, ಅದರ ಜಾತಿಯೇ ಅಷ್ಟು, ಅದಕ್ಕೆ ಮುಳ್ಳಿಲಿ ಎನ್ನುತ್ತಾರೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಹೀಗೆ ಏದುವಿನ ಗದ್ದಲ ನಡೆದಿರುವಾಗ ಕಣಿ ಹೇಳುವ ಮುದುಕಿಯೊಬ್ಬಳು ಬಾಗಿಲಿಗೆ ಬಂದಳು. ಬಾಯಲ್ಲಿ ಹಲ್ಲಿಲ್ಲ, ಬಾಯಿ ತುಂಬ ಎಲೆ ಅಡಿಕೆ. ಅತ್ತೆ ಮೊರದಲ್ಲಿ ಜೋಳ ತಂದಿಟ್ಟು ಮುಂದೆ ಕೂತರು. ನಾನು ಬಾಗಿಲ ಸಂದಿಯಲ್ಲಿ ನಿಂತೆ. ಮುದುಕಿ ಅತ್ತೆಯ ಕೈ ಹಿಡಿದು, ನನ್ನತ್ತ ಒಮ್ಮೆ ನೋಡಿ, ತೆಲುಗಿನಲ್ಲಿ ಹೇಳಿದಳು: "ಏಡ್ಗುರಿಕಿ ಪಾಲನ್ನಂ ಪೆಟ್ಟಮ್ಮಾ, ಸೋಮವಾರಂ ಸೋಮವಾರಂ. ಎಂಗಿಲಿ ಕಾಕೂಡದು. ಏಡಾದಿ ತಿರಿಗೇಲೋಗಾ ನೀ ಇಂಟ್ಲೋ ಉಯ್ಯಾಲ ಊಗುತಾದಿ."

ಪ್ರತಿ ಸೋಮವಾರ ಏಳು ಜನಕ್ಕೆ ಹಾಲನ್ನ ಉಣ್ಣಿಸು, ಅದು ಎಂಜಲಾಗಬಾರದು, ವರ್ಷ ತಿರುಗುವುದರೊಳಗೆ ನಿನ್ನ ಮನೆಯಲ್ಲಿ ತೊಟ್ಟಿಲು ತೂಗುತ್ತದೆ ಎಂದು ಅರ್ಥ. ಏಡು ಎಂದರೆ ಏಳು. ಆದರೆ ಒಂದು ವಾರದಿಂದ ಏದು ಏದು ಎಂದು ಕೇಳಿ ಕೇಳಿ ತುಂಬಿಹೋಗಿದ್ದ ಅತ್ತೆಯ ಕಿವಿಗೆ, ಹಲ್ಲಿಲ್ಲದ ಆ ಬಾಯಿಂದ ಬಂದ ಮಾತು ಬೇರೆಯಾಗಿಯೇ ಹೊಕ್ಕಿತು.

"ಏದುಕಾ?" ಎಂದರು ಕಣ್ಣರಳಿಸಿ.

"ಅವುನಮ್ಮಾ, ಏಡ್ಗುರಿಕಿ" ಎಂದಳು ಮುದುಕಿ ಎಲೆ ಅಡಿಕೆಯ ನಡುವೆ.

"ಕೇಳಿದೇನಲೇ!" ಅತ್ತೆ ನನ್ನ ಕಡೆ ತಿರುಗಿದರು. "ನಮ್ಮ ಹಿತ್ತಲದಾಗ ಏದು ಬಂದಿದ್ದು ಈಕಿಗೆ ಹೆಂಗ ಗೊತ್ತಾತು! ಈಕಿ ಸಾಮಾನ್ಯ ಹೆಂಗಸಲ್ಲ."

ನಾನು ಬಾಯಿ ತೆರೆದೆ, ಮುಚ್ಚಿದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲ, ಆದರೆ ಆ ಕ್ಷಣದಲ್ಲಿ ತಲೆ ಲೆಕ್ಕ ಹಾಕಿಬಿಟ್ಟಿತ್ತು. ಏಳು ಜನ ಎಂದರೆ ಅತ್ತೆ ಕರೆಯುವುದು ಓಣಿಯ ಏಳು ಮುತ್ತೈದೆಯರನ್ನು. ಬೇಯಿಸುವುದು ಯಾರು? ನಾನು. ಕಾರ್ಡಿನ ಅಕ್ಕಿ ಎಲ್ಲಿ ಸಾಕು? ಮೇಲೆ ಆ ಏಳೂ ಜನ ವಾರವಾರ ಬಂದು, ಉಂಡು, ಬಾಯಿ ಒರೆಸಿಕೊಂಡು, ನನ್ನ ಹೊಟ್ಟೆ ನೋಡಿ "ಏನಾರ ಐತೇನವಾ?" ಎಂದು ಕೇಳುತ್ತಾರೆ. ಇದಕ್ಕಿಂತ ಆ ಮುಳ್ಳಿನ ಉಂಡೆ ವಾಸಿ. ಒಂದು ಬಟ್ಟಲು ಹಾಲನ್ನ ಹಾಕಿದರೆ ಮುಗಿಯಿತು, ಮಾತಾಡುವುದಿಲ್ಲ. ಸುಮ್ಮನೆ ಇದ್ದುಬಿಟ್ಟೆ. ಮುದುಕಿ ಜೋಳ ಕಟ್ಟಿಕೊಂಡು ಹೋದಳು.

ಶ್ರಾವಣದ ಮೊದಲ ಸೋಮವಾರ ವ್ರತ ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಅತ್ತೆ ಹಾಲನ್ನದ ಮಣ್ಣಿನ ಬಟ್ಟಲನ್ನು ಕಟ್ಟಿಗೆಯ ಒಟ್ಟಿಲ ಮುಂದೆ ಇಟ್ಟು ಕೈಮುಗಿದರು. ಏದು ಬಂತು. ಮೊದಲ ದಿನವೇ ಅದಕ್ಕೆ ವಿಭೂತಿ ಹಚ್ಚಬೇಕು ಎಂದು ಮೂರು ಬೆರಳು ಚಾಚಿದರು. ಮೂರೂ ಬೆರಳಿಗೆ ರಕ್ತ ಬಂತು.

"ಸೋಮವಾರ ಅಂತ ಅದಕ್ಕೂ ತಿಳಿತೈತಿ ನೋಡು. ಬರೋಬ್ಬರಿ ಬಂತು" ಎಂದರು ಬೆರಳು ಚೀಪುತ್ತ.

ಅದು ದಿನವೂ ಬರುತ್ತಿತ್ತು. ನಾವು ನೋಡುತ್ತಿದ್ದದ್ದು ಸೋಮವಾರ ಮಾತ್ರ. ಅದು ಶಿವಭಕ್ತ ಪ್ರಾಣಿ, ಹಾಲು ಅನ್ನ ಬಿಟ್ಟು ಏನೂ ಮುಟ್ಟುವುದಿಲ್ಲ ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ ಮರುದಿನವೇ, ಬಚ್ಚಲ ಕಲ್ಲಿನ ಹಿಂದೆ ಅದು ಒಂದು ಚೇಳನ್ನು ಕೊಂಡಿಸಮೇತ ಕಟಕಟ ಅಗಿಯುವುದನ್ನು ಇಬ್ಬರೂ ನೋಡಿದೆವು. ನಾನು ಅತ್ತೆಯ ಮುಖ ನೋಡಿದೆ.

"ಔಷಧಕ್ಕ ತಿಂದೈತಿ" ಎಂದು ಅವರು ಒಳಗೆ ಹೋದರು.

ಏದುವಿಗೆ ಉಣ್ಣಿಸುವುದೇನು ಕಷ್ಟವಿರಲಿಲ್ಲ. ಕಷ್ಟವಾದದ್ದು ಉಳಿದವರಿಗೆ ಉಣ್ಣಿಸದೆ ಇರುವುದು. ಎಂಜಲಾಗಬಾರದು ಎಂದು ಮುದುಕಿ ಹೇಳಿದ್ದನ್ನು ಅತ್ತೆ ಬಹಳ ಸರಿಯಾಗಿ ಅರ್ಥ ಮಾಡಿಕೊಂಡಿದ್ದರು. ಏದು ಉಣ್ಣುವ ಮೊದಲು ಬೇರೆ ಬಾಯಿ ಬಟ್ಟಲಿಗೆ ಬಿದ್ದರೆ ವ್ರತ ಕೆಟ್ಟಂತೆ, ಮತ್ತೆ ಮೊದಲಿನಿಂದ ಒಂದು ವರ್ಷ. ಹಾಲಿನ ವಾಸನೆಗೆ ಬಳ್ಳಾರಿಯ ಪ್ರಾಣಿಗಳೆಲ್ಲ ನಮ್ಮ ಹಿತ್ತಲಿಗೇ ಬಂದವು. ಮೊದಲು ಬೀದಿನಾಯಿ. ಅದಕ್ಕೆ ಒಡೆದ ಹರವಿಯೊಂದನ್ನು, ಅಂದರೆ ನೀರು ತುಂಬುವ ದೊಡ್ಡ ಮಡಕೆಯನ್ನು, ಬೋರಲು ಹಾಕಿ ಒಳಗೆ ಬಟ್ಟಲಿಟ್ಟೆ. ಒಡೆದ ಅಂಚಿನಲ್ಲಿ ಏದು ನುಗ್ಗುವಷ್ಟು ಕಿಂಡಿ. ನಾಯಿ ಹರವಿಯನ್ನೇ ಉರುಳಿಸಿತು. ಮೇಲೊಂದು ಬಂಡೆಕಲ್ಲು ಹೇರಿದೆ.

ನಾಯಿ ಸೋತಿತು, ಬೆಕ್ಕು ಸೋಲಲಿಲ್ಲ. ಪಕ್ಕದ ಮನೆಯ ಕಂದು ಗಂಡುಬೆಕ್ಕು, ಮುಖ ಅಗಲ, ನಾಚಿಕೆ ಎಂಬುದೇ ಇಲ್ಲ. ಕಿಂಡಿಯಲ್ಲಿ ಕೈಹಾಕಿ ಬಟ್ಟಲನ್ನು ಎಳೆಯಲು ನೋಡಿತು. ಕಿಂಡಿಯ ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಹೆಣೆದೆ. ಏದು ತನ್ನ ಮುಳ್ಳನ್ನು ಒತ್ತಿಕೊಂಡು ಆರಾಮಾಗಿ ನುಗ್ಗಿತು, ಬೆಕ್ಕು ದೂರ ಕೂತು ಬೈಯಿತು, ಮುಳ್ಳು ಚುಚ್ಚಿದ್ದು ನನ್ನೊಬ್ಬಳಿಗೇ. ಅಷ್ಟರಲ್ಲಿ ಹೆಗ್ಗಣ ಬಂತು. ಏದು ಹಿಡಿಸುವ ಕಿಂಡಿಯಲ್ಲಿ ಹೆಗ್ಗಣವೂ ಹಿಡಿಸುತ್ತದೆ, ಅದಕ್ಕೆ ಯಾವ ಉಪಾಯವೂ ಇಲ್ಲ. ಹಾಗಾಗಿ ಸೋಮವಾರ ಸಂಜೆ ಎಂದರೆ ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೋಲು ಹಿಡಿದು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು, ಒಂದು ಬಟ್ಟಲು ಹಾಲನ್ನ ಕಾಯುತ್ತ ಕೂರುವುದಾಯಿತು. ಸೊಳ್ಳೆಗಳು ನನ್ನನ್ನು ಉಂಡವು. ಅವಕ್ಕೆ ಯಾವ ವ್ರತವೂ ಅಡ್ಡ ಬರಲಿಲ್ಲ.

ಅತ್ತೆ ನನ್ನ ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ನಾವು ಇಬ್ಬರೇ ಹಾಗೆ ಕೂತದ್ದು ಅದೇ ಮೊದಲು. ಅಲ್ಲಿಯವರೆಗೆ ನಮ್ಮ ಮಾತೆಲ್ಲ ಉಪ್ಪು ಹೆಚ್ಚು, ಹುಳಿ ಕಮ್ಮಿ ಇಷ್ಟರಲ್ಲೇ ಮುಗಿಯುತ್ತಿತ್ತು.

"ನನಗೂ ಆರು ವರ್ಷ ಮಕ್ಕಳಾಗಿರಲಿಲ್ಲ" ಎಂದರು ಒಂದು ಸಂಜೆ, ಬತ್ತಿಯ ಮೇಲಿಂದ ಕಣ್ಣೆತ್ತದೆ. "ನಮ್ಮತ್ತಿ ಹಬ್ಬದಾಗ ನನ್ನ ಕೈಲೆ ಆರತಿ ಹಿಡಸ್ತಿದ್ದಿಲ್ಲ."

"ಹೆಗ್ಗಣ ಬಂತ್ರಿ" ಎಂದು ಎದ್ದೆ. ಬಂದಿರಲಿಲ್ಲ.

ಚಳಿಗಾಲ ಬಂತು, ಏದು ಬರಲಿಲ್ಲ. ಒಂದು ಸೋಮವಾರ ಬರಲಿಲ್ಲ, ಎರಡನೆಯದೂ ಬರಲಿಲ್ಲ. ಅತ್ತೆಯ ಮುಖ ಬಾಡಿತು. ನಾನು ಕಣಿ ಗಿಣಿ ನಂಬುವವಳಲ್ಲ. ಆದರೂ ವ್ರತ ನಿಂತಿತು ಎಂದರೆ ಕುರುಗೋಡಿನವರು ಶ್ರಾವಣದವರೆಗೂ ಕಾಯುವುದಿಲ್ಲ. ಮೂರನೆಯ ಸೋಮವಾರ ಅತ್ತೆ ದೀಪಕ್ಕೆ ಕೈಮುಗಿಯಲು ಒಳಗೆ ಹೋದಾಗ, ಕಲ್ಲು ಸರಿಸಿ, ಹರವಿ ಎತ್ತಿ, ಬಟ್ಟಲನ್ನು ತೆಗೆದು ಹಾಲನ್ನವನ್ನು ಗಬಗಬ ನಾನೇ ತಿಂದೆ. ತಿಂದು, ಬಟ್ಟಲನ್ನು ಬೆರಳಿಂದ ಬಳಿದು, ಇದ್ದಲ್ಲೇ ಇಟ್ಟೆ.

"ಬಂದಿತ್ತೇನಲೇ?"

"ಬಂದಿತ್ರಿ. ಎಲ್ಲಾ ಉಂಡು ಹೋತು."

ಅತ್ತೆ ಬಟ್ಟಲನ್ನು ನೋಡಿದರು, ನನ್ನ ತುಟಿಯನ್ನೂ ನೋಡಿದರು. "ಪಾಪ, ಹಸದಿತ್ತು" ಎಂದರು. ಮುಂದಿನ ವಾರದಿಂದ ಹಾಲನ್ನಕ್ಕೆ ಬೆಲ್ಲ ಬಿತ್ತು. ಎರಡು ತಿಂಗಳು ಏದುವಿನ ಪಾಲನ್ನು ನಾನು ಉಂಡೆ. ಸೆಕೆ ಶುರುವಾದ ಮೇಲೆ ಅದು ಮತ್ತೆ ಬಂತು. ನಿಜ ಹೇಳುತ್ತೇನೆ, ನನಗೆ ಸ್ವಲ್ಪ ಬೇಜಾರೇ ಆಯಿತು.

ಯುಗಾದಿ ಹೋಯಿತು, ಮುಂಗಾರು ಬಂತು. ತಿಂಗಳು ತಿಂಗಳೂ ನಾನು ಹೊರಗೆ ಕೂತೆ. ಲಿಂಗ ಕಟ್ಟಿದವರಿಗೆ ಮುಟ್ಟಿನ ಮೈಲಿಗೆಯಿಲ್ಲ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಇತ್ತು. ಹಾಗೆ ಕೂತ ಮೂರು ದಿನ ಅತ್ತೆ ನನಗೆ ಎತ್ತರದಿಂದ ನೀರು ಹಾಕುತ್ತ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಅನ್ನಬಹುದಿತ್ತು. ಸುಮ್ಮನಿದ್ದರೆ ಏನು ಮಾಡುವುದು? ಹಗಲೆಲ್ಲ ಕೂತು ನನ್ನ ತಪ್ಪನ್ನೇ ಎಣಿಸುತ್ತಿದ್ದೆ. ಮುದುಕಿಯ ಮಾತು ನಿಜವೇ ಆಗಿದ್ದರೆ? ಏಳು ಜನಕ್ಕೆ ಉಣ್ಣಿಸಿದ್ದರೆ ಆಗುತ್ತಿತ್ತೇನೋ. ಸೋಮಾರಿತನಕ್ಕೆ, ಓಣಿಯವರ ಬಾಯಿಗೆ ಹೆದರಿ, ನನ್ನ ತೊಟ್ಟಿಲನ್ನು ನಾನೇ ಮುರಿದುಕೊಂಡೆನೇನೋ. ನಂಬದವಳಿಗೆ ಹೀಗೆ ಅನಿಸಬಾರದು. ಅನಿಸುತ್ತಿತ್ತು, ಅಳುವೂ ಬರುತ್ತಿತ್ತು.

ಕೊನೆಗೆ ಗಟ್ಟಿ ಮನಸ್ಸು ಮಾಡಿದೆ. ಕುರುಗೋಡಿನ ಮಾವ ಬಂದು ಮಾತು ತೆಗೆದ ಕೂಡಲೇ ಎಲ್ಲರ ಮುಂದೆ ಹೇಳಿಬಿಡುವುದು: ಅವಳು ಹೇಳಿದ್ದು ಏಳು ಜನಕ್ಕೆ, ನೀವು ಉಣ್ಣಿಸಿದ್ದು ತಪ್ಪು ಹೊಟ್ಟೆಗೆ, ಈ ವರ್ಷ ಲೆಕ್ಕಕ್ಕಿಲ್ಲ, ಇನ್ನೊಂದು ವರ್ಷ ಕೊಡಿ. ಅತ್ತೆ ಕಸಬರಿಗೆ ತೆಗೆದುಕೊಂಡರೆ ತೆಗೆದುಕೊಳ್ಳಲಿ.

ವರ್ಷದ ಕೊನೆಯ ಸೋಮವಾರ ಮಧ್ಯಾಹ್ನವೇ ಅವರ ಗಾಡಿ ಬಂದು ನಿಂತಿತು. ಕಾಯಿ, ಎಲೆ ಅಡಿಕೆ, ಕುಪ್ಪಸದ ಕಣ, ಎಲ್ಲ ಬುಟ್ಟಿಯಲ್ಲಿ ಹೊಂದಿಸಿಕೊಂಡೇ ಬಂದಿದ್ದರು. "ಇವತ್ತಿಗೆ ನಿನ್ನ ವ್ರತ ಮುಗಿತಲ್ಲಕ್ಕಾ? ದೀಪ ಹಚ್ಚಿದ ಮ್ಯಾಲೆ ಕುಂತು ಮಾತಾಡೂಣು" ಎಂದು ನಡುಮನೆಯಲ್ಲಿ ಕಾಲು ಚಾಚಿದರು. ಯಜಮಾನರು ಪೇಪರು ಹಿಡಿದರು. ನಾನು ಹೇಳಬೇಕಾದ ಮಾತನ್ನು ಬಾಯೊಳಗೇ ಹತ್ತು ಸಲ ಆಡಿಕೊಂಡೆ.

ದೀಪದ ಹೊತ್ತಿಗೆ ಅತ್ತೆ ಬಟ್ಟಲನ್ನು ಹರವಿಯೊಳಗಿಟ್ಟರು. ನಾನು ಕೋಲು ಹಿಡಿದು ಕಲ್ಲಿನ ಮೇಲೆ ಕೂರಲು ಹೋದರೆ, "ನೀ ಒಳಗ ಹೋಗು. ಅಕ್ಕಿಗೆ ಎಸರಿಡು. ಇವತ್ತು ನಾ ಕಾಯ್ತೀನಿ" ಎಂದರು. ಒಳಗೆ ಹೋದೆ. ಎಸರು ಇಟ್ಟೆ. ಮನಸ್ಸು ತಡೆಯದೆ ಅಡುಗೆಮನೆಯ ಕಿಟಕಿಯಿಂದ ಹಣಿಕಿದೆ.

ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂಡೆಕಲ್ಲನ್ನು ಇಳಿಸುತ್ತಿದ್ದರು. ನಾನು ಏದುಸಿರು ಬಿಟ್ಟು ಎತ್ತುತ್ತಿದ್ದ ಕಲ್ಲು ಅದು. ಹರವಿ ಸರಿಸಿದರು. ಮುಳ್ಳನ್ನು ಕಾಲಿಂದ ದೂಡಿದರು. ಬಟ್ಟಲನ್ನು ಅಂಗಳದ ನಡುವೆ ತಂದಿಟ್ಟು, ಗೋಡೆಯ ಮೇಲಿದ್ದ ಕಂದು ಬೆಕ್ಕನ್ನು ಮೆಲ್ಲಗೆ ಕರೆದರು.

"ಬಾ. ಬಾ ನನ್ನಪ್ಪ. ಪಿಸ್ ಪಿಸ್."

ಬೆಕ್ಕು ಬರಲಿಲ್ಲ. ಒಂದು ವರ್ಷ ಆ ಬಟ್ಟಲ ಹತ್ತಿರ ನನ್ನ ಕೋಲಿನ ಏಟು ತಿಂದ ಪ್ರಾಣಿ ಅದು, ನಂಬುವುದು ಹೇಗೆ? ಒಟ್ಟಿಲ ಕಡೆ ಸರಸರ ಸದ್ದಾಯಿತು, ಏದು ಹೊರಡುತ್ತಿತ್ತು. ಅತ್ತೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿ, ಬೆರಳಿಗೆ ಹಾಲನ್ನ ಹಚ್ಚಿಕೊಂಡು ಗೋಡೆಯ ಹತ್ತಿರ ಹೋಗಿ ಬೆಕ್ಕಿನ ಮೂತಿಗೇ ಒರೆಸಿದರು. "ಕುಡಿಯೋ ಮೂಳ, ಲಗೂನ ಕುಡಿ, ಹೊತ್ತಾತು" ಎಂದು ಹಲ್ಲು ಕಡಿದರು. ಬೆಕ್ಕು ತುಟಿ ನೆಕ್ಕಿಕೊಂಡಿತು, ಇಳಿಯಿತು, ಬಟ್ಟಲಿಗೆ ಬಾಯಿಟ್ಟಿತು. ಅದು ನಾಲ್ಕು ಸಲ ನೆಕ್ಕುವವರೆಗೂ ಅತ್ತೆ ಕಾದು ನಿಂತರು. ಆಮೇಲೆ ಬಾಯಿ ಬಾಯಿ ಬಡಿದುಕೊಂಡರು.

"ಅಯ್ಯಯ್ಯೋ! ಕೆಟ್ಟತಲ್ಲೋ ವ್ರತ! ಬೆಕ್ಕು ಬಾಯಿ ಹಾಕಿತಲ್ಲೋ ಶಿವನೇ!"

ಮಾವ ಓಡಿಬಂದರು. ಯಜಮಾನರು ಪೇಪರಿನ ಸಮೇತ ಓಡಿಬಂದರು. ಬೆಕ್ಕು ಯಾರನ್ನೂ ಲೆಕ್ಕಿಸದೆ ಕುಡಿಯುತ್ತಿತ್ತು.

"ನೀನ ಮುಂದ ನಿಂತೀದಿಯಲ್ಲಕ್ಕಾ!" ಎಂದರು ಮಾವ.

"ನಿಂತಿದ್ದೆ. ಕಣ್ಣು ಕಾಣಂಗಿಲ್ಲಪ್ಪ ನನಗ, ಮೊದಲಿನಂಗ." ಕಾರ್ಡಿನ ಅಕ್ಕಿಯಲ್ಲಿ ಸಾಸಿವೆಯಷ್ಟು ಕಲ್ಲನ್ನು ನಿಂತಲ್ಲಿಂದ ಹಿಡಿಯುತ್ತಿದ್ದ ಹೆಂಗಸು. "ಏನು ಮಾಡೋದು? ಮತ್ತ ಮೊದಲಿಂದ ಹಿಡಿಬೇಕು. ಇನ್ನೊಂದು ವರ್ಷ."

"ಇದೇನು ಆಟ ಹೂಡೀದಿ?"

"ದೇವರ ಮಾತಿಗೆ ಆಟ ಅಂತೀಯೇನೋ? ಗಲ್ಲ ಗಲ್ಲ ಬಡಕೋ. ಮುಂದಿನ ವರ್ಷ ಶ್ರಾವಣಕ್ಕ ಬಾ. ಈಗ ಕೈಕಾಲು ತೊಳಕೊಂಡು ಉಣ್ಣಾಕ ಏಳು."

ಮಾವ ಉಂಡರು. ಬೆಳಿಗ್ಗೆ ಬುಟ್ಟಿಯನ್ನು ಹಾಗೇ ಗಾಡಿಗೆ ಹಾಕಿಕೊಂಡು ಕುರುಗೋಡಿಗೆ ಹೋದರು. ಗಾಡಿ ಓಣಿ ದಾಟಿದ ಮೇಲೆ ನಾನು ಹಿತ್ತಲಿಗೆ ಹೋದೆ. ಅತ್ತೆ ಕಲ್ಲಿನ ಮೇಲೆ ಕೂತು ಸೊಂಟ ತಿಕ್ಕಿಕೊಳ್ಳುತ್ತಿದ್ದರು. ಅವರ ಕಾಲ ಬಳಿ ಕುಸಿದು ಕೂತೆ, ಅಳು ಒತ್ತಿಬಂತು. ನನ್ನ ಅಳು ಚೆಂದದ ಅಳುವಲ್ಲ, ಮೂಗೆಲ್ಲ ಸೋರುತ್ತದೆ.

"ಅತ್ತೀ, ನನ್ನದು ತಪ್ಪಾಗೇತ್ರಿ. ಆ ಮುದಿಕಿ ಏದು ಅಂದಿದ್ದಿಲ್ಲ. ಏಡು ಅಂದಿದ್ಲು. ಏಳು ಮಂದಿಗೆ ಉಣಸು ಅಂದಿದ್ಲು. ನನಗ ಆವತ್ತ ಗೊತ್ತಾಗಿತ್ತು, ಹೇಳಲಿಲ್ಲ."

ಅತ್ತೆಯ ಕೈ ಸೊಂಟದ ಮೇಲೇ ನಿಂತಿತು. ಆಮೇಲೆ ಬಾಗಿಲ ಕಡೆ ಕಣ್ಣು ಹಾಯಿಸಿ, ಸೆರಗಿನಿಂದ ನನ್ನ ಮೂಗನ್ನು ಒರಟಾಗಿ ಒರೆಸಿದರು.

"ಬಾಯಿ ಮುಚ್ಚಲೇ, ಯಾರಾರ ಕೇಳಿಗೀಳ್ಯಾರು" ಎಂದರು. "ಈ ವರ್ಷಕ್ಕ ಬೆಕ್ಕು ಆತು. ಆ ಏಳು ಮಂದಿ ಮಾತನ್ನ ಮುಂದಿನ ವರ್ಷಕ್ಕ ಇಟ್ಕೋ."